ಕೊರ್ಡೋಬಾ: ಒಂದು ಸೂರು, ಎರಡು ಹೆಸರು

ಮೂವತ್ತು ಯೂರೋಗೆ ಏನು ಬರುತ್ತೆ? ಮ್ಯಾಡ್ರಿಡ್‌ನಲ್ಲಿ ಇಬ್ಬರು ಹೊಟ್ಟೆ ತುಂಬ ಮಧ್ಯಾಹ್ನದ ಊಟ ಮಾಡಬಹುದು, ಅಷ್ಟೇ. ಆದರೆ 2006ರಲ್ಲಿ ದಕ್ಷಿಣ ಸ್ಪೇನಿನ ಕೊರ್ಡೋಬಾದ ಬಿಷಪ್ಪರ ಕಚೇರಿ ಸುಮಾರು ಮೂವತ್ತು ಯೂರೋ ಶುಲ್ಕ ಕಟ್ಟಿ ಒಂದು ಕಟ್ಟಡವನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿತು. ಕಟ್ಟಡದ ವಯಸ್ಸು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು. ಒಳಗೆ 856 ಕಂಬಗಳಿವೆ. 1984ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಊರಿನವರು ಅದನ್ನು ಇವತ್ತಿಗೂ 'ಮೆಸ್ಕೀತಾ' ಅಂತಲೇ ಕರೆಯುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗಂದರೆ ಮಸೀದಿ. ಆದರೆ 1236ರಿಂದ ಅಲ್ಲಿ ನಡೆಯುತ್ತಿರುವುದು ಕ್ರೈಸ್ತರ ಪ್ರಾರ್ಥನೆ.

ಹಾಗಾದರೆ ಅದನ್ನು ಏನಂತ ಕರೀಬೇಕು? ನಮ್ಮ ಆಫೀಸಿನಲ್ಲೇ ಈ ಪ್ರಶ್ನೆಗೆ ಎರಡು ಉತ್ತರ ಇತ್ತು. ನಾನು ಕೊರ್ಡೋಬಾಗೆ ಹೋಗ್ತೀನಿ ಅಂದಾಗ ಒಬ್ಬ ಸಹೋದ್ಯೋಗಿ "ಕೆಥೆಡ್ರಲ್ ನೋಡದೆ ಬರಬೇಡ" ಅಂದ. ಪಕ್ಕದಲ್ಲೇ ಕೂತಿದ್ದ, ಮೊರಾಕ್ಕೋ ಮೂಲದ ಇನ್ನೊಬ್ಬ "ಮಸೀದಿ ನೋಡು" ಅಂದ. ಇಬ್ಬರೂ ಹೇಳಿದ್ದು ಒಂದೇ ಕಟ್ಟಡದ ಬಗ್ಗೆ. ಇಬ್ಬರ ಹತ್ತಿರವೂ ಒಂದೊಂದು ಕಥೆ ಇತ್ತು. ಮೊದಲನೆಯವನದು: ಅಲ್ಲಿ ಮೊದಲು ಚರ್ಚಿತ್ತು, ಮುಸ್ಲಿಮರು ಕೆಡವಿದರು, ನಾವು ವಾಪಸ್ ಪಡೆದೆವು. ಎರಡನೆಯವನದು: ಮೂರು ಧರ್ಮದವರೂ ಅಣ್ಣತಮ್ಮಂದಿರ ಹಾಗೆ ಬಾಳಿದ ಚಿನ್ನದ ಕಾಲ ಅದು, ಇವರು ಬಂದು ಹಾಳು ಮಾಡಿದರು. ಎರಡು ಕಥೆಯನ್ನೂ ಕಿವಿಯಲ್ಲಿಟ್ಟುಕೊಂಡು ಹೊರಟೆ. ಪ್ರವಾಸದ ಬಗ್ಗೆ ಬರೆಯೋಣ ಅಂತ ಕೂತರೆ ಇತಿಹಾಸದ ಪಾಠದ ಥರ ಆಗ್ತಿದೆ, ಸ್ವಲ್ಪ ಸಹಿಸಿಕೊಳ್ಳಿ :-)

ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೂ ಬೇಕಾಗಲಿಲ್ಲ. ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟ ಇದ್ದ ಹಾಗೆ ಅಲ್ಲಿ ಎತ್ತ ನೋಡಿದರೂ ಆಲಿವ್ ಮರಗಳ ಸಾಲು. ಸ್ಟೇಷನ್ನಿನಿಂದ ನೇರ ಹೋಗದೆ ನದಿ ದಾಟಿ, ಆಚೆ ದಡದಿಂದ ಮತ್ತೆ ಸೇತುವೆ ಮೇಲೆ ನಡೆದು ಬಂದರೆ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತೆ. ನದಿಯ ಹೆಸರು ಗ್ವಾದಲ್‌ಕಿವಿರ್. ಕೇಳೋದಕ್ಕೆ ಭಾರಿ ಅನ್ನಿಸಿದರೂ ಅದು ಅರಬ್ಬಿಯ 'ಅಲ್ ವಾದಿ ಅಲ್ ಕಬೀರ್' ಸವೆದು ಆದದ್ದು. ನಮ್ಮ ಮಾತಿನಲ್ಲಿ ಹೇಳೋದಾದರೆ ದೊಡ್ಡಹೊಳೆ! ಸೇತುವೆ ರೋಮನ್ನರ ಕಾಲದ್ದು, 16 ಕಮಾನು. ಎಷ್ಟೋ ಸಲ ಬಿದ್ದು, ಎಷ್ಟೋ ಸಲ ಕಟ್ಟಿಸಿಕೊಂಡು, ಈಗ ಇರುವುದರಲ್ಲಿ ರೋಮನ್ ಕಲ್ಲು ಸ್ವಲ್ಪವೇ. ಆದರೂ ಎಲ್ಲರೂ ಅದನ್ನು ರೋಮನ್ ಸೇತುವೆ ಅಂತಾರೆ, ಅದರ ಬಗ್ಗೆ ಯಾರೂ ಜಗಳ ಮಾಡಲ್ಲ. ರೋಮನ್ ತತ್ವಜ್ಞಾನಿ ಸೆನೆಕಾ ಹುಟ್ಟಿದ್ದು ಇದೇ ಊರಿನಲ್ಲಿ.

ಸೇತುವೆ ಮುಗಿದ ಕೂಡಲೇ ಎದುರಿಗೆ ಕೋಟೆಯಂಥ ಗೋಡೆ. ಅದರ ಪಕ್ಕದಿಂದಲೇ ಹತ್ತಿ ಹೋಗಿ ಕಿತ್ತಳೆ ಮರಗಳ ಅಂಗಳ ದಾಟಿ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಕತ್ತಲು. ಆಮೇಲೆ ಕಂಬ, ಕಂಬ, ಕಂಬ. ಸುಮಾರು 180 ಮೀಟರ್ ಉದ್ದ, 130 ಮೀಟರ್ ಅಗಲದ ಆವರಣ. ಯಾವ ಕಡೆ ತಿರುಗಿದರೂ ಕಂಬದ ಸಾಲು ಮಬ್ಬಿನಲ್ಲಿ ಕರಗಿ ಹೋಗುತ್ತೆ. ಮೇಲೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳು, ಅವೂ ಎರಡು ಅಂತಸ್ತಿನವು.

ಈ ಎರಡು ಅಂತಸ್ತಿನ ಹಿಂದೆ ಒಂದು ಎಂಜಿನಿಯರಿಂಗ್ ಕಥೆ ಇದೆ, ಕಟ್ಟಿಸಿದವನ ಕಥೆಯೂ ಇದೆ. ಕ್ರಿ.ಶ. 750ರಲ್ಲಿ ಡಮಾಸ್ಕಸ್‌ನ ಉಮಯ್ಯದ್ ಮನೆತನವನ್ನು ಅಬ್ಬಾಸಿಗಳು ಹುಡುಕಿ ಹುಡುಕಿ ಕೊಂದರು. ಅಬ್ದುಲ್ ರಹಮಾನ್ ಅನ್ನುವ ಹುಡುಗ ಯೂಫ್ರೆಟಿಸ್ ನದಿ ಈಜಿ ತಪ್ಪಿಸಿಕೊಂಡ. ತಮ್ಮ ಅರ್ಧದಲ್ಲೇ ದಡಕ್ಕೆ ವಾಪಸ್ ತಿರುಗಿ ಕಣ್ಣೆದುರಿಗೇ ಸತ್ತ ಅಂತ ಅರಬ್ ಇತಿಹಾಸಕಾರರು ಬರೆದಿದ್ದಾರೆ. ಉತ್ತರ ಆಫ್ರಿಕಾ ಅಲೆದು, ಸಮುದ್ರ ದಾಟಿ, 756ರಲ್ಲಿ ಕೊರ್ಡೋಬಾ ಹಿಡಿದು ಅಮೀರನಾದ. 785ರ ಸುಮಾರಿಗೆ ಮಸೀದಿ ಕಟ್ಟಲು ಶುರು ಮಾಡಿದ. ಅವಸರವಿತ್ತು, ವಯಸ್ಸಾಗಿತ್ತು. ಹೊಸದಾಗಿ ಕಂಬ ಕಡೆಸುವ ಬದಲು ಊರಿನ ಸುತ್ತ ಬಿದ್ದಿದ್ದ ರೋಮನ್, ವಿಸಿಗಾತ್ ಕಟ್ಟಡಗಳ ಕಂಬಗಳನ್ನೇ ತರಿಸಿದ. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಎಲ್ಲವೂ ಆ ದೊಡ್ಡ ಹಜಾರಕ್ಕೆ ತೀರಾ ಗಿಡ್ಡ. ಸೂರು ಅಷ್ಟು ತಗ್ಗಿದ್ದರೆ ಒಳಗೆ ಉಸಿರುಗಟ್ಟುತ್ತೆ. ಅದಕ್ಕೆ ಮೇಸ್ತ್ರಿಗಳು ಕಂಬದ ತಲೆಯ ಮೇಲೆ ಇನ್ನೊಂದು ಗಿಡ್ಡ ಕಂಬ ನಿಲ್ಲಿಸಿ, ಕೆಳಗೊಂದು ಕಮಾನು, ಮೇಲೊಂದು ಕಮಾನು ಕಟ್ಟಿದರು. ಕೆಳಗಿನದು ಕಂಬಗಳು ವಾಲದಂತೆ ಹಿಡಿದುಕೊಳ್ಳುತ್ತೆ, ಮೇಲಿನದು ಸೂರು ಹೊರುತ್ತೆ. ಕೆಂಪು ಅಂದರೆ ಇಟ್ಟಿಗೆ, ಬಿಳಿ ಅಂದರೆ ಕಲ್ಲು. ಸಾಮಾನಿನ ಕೊರತೆಯಿಂದ ಹುಟ್ಟಿದ ಉಪಾಯ ಇವತ್ತು ಊರಿಗೇ ಗುರುತಾಗಿದೆ.

ಅಲ್ಲಿ ಮೊದಲು ಚರ್ಚಿತ್ತಾ? ಸಂತ ವಿನ್ಸೆಂಟನ ಚರ್ಚಿತ್ತು, ಅದನ್ನು ಮೊದಲು ಇಬ್ಬರೂ ಹಂಚಿಕೊಂಡಿದ್ದರು, ಆಮೇಲೆ ಅಮೀರ ಕ್ರೈಸ್ತರ ಪಾಲನ್ನು ದುಡ್ಡು ಕೊಟ್ಟು ಕೊಂಡ ಅಂತ ಹಳೆಯ ಅರಬ್ ಬರಹಗಳೇ ಹೇಳುತ್ತವೆ. ಮಸೀದಿಯ ನೆಲದಲ್ಲಿ ಒಂದು ಕಡೆ ಗಾಜು ಹಾಕಿ ಕೆಳಗಿನ ಹಳೆಯ ಮೊಸಾಯಿಕ್ ತೋರಿಸುತ್ತಾರೆ. ಅದು ಆ ಚರ್ಚಿನದೇ ಹೌದೋ ಅಲ್ಲವೋ ಅಂತ ಪುರಾತತ್ವ ತಜ್ಞರು ವಾದ ಮಾಡುತ್ತಲೇ ಇದ್ದಾರೆ. ನನ್ನ ಮೊದಲ ಸಹೋದ್ಯೋಗಿಯ ಕಥೆಗೆ ಇದೇ ಬುಡ. ಬುಡದಲ್ಲಿ ಏನೋ ಇದೆ, ಆದರೆ ಅವನು ಹೇಳಿದಷ್ಟು ಸರಳವಾಗಿಲ್ಲ.

ಮುಂದಿನ ಇನ್ನೂರು ವರ್ಷ ಊರು ಬೆಳೆದಂತೆಲ್ಲ ಮಸೀದಿಯೂ ಬೆಳೆಯಿತು. ಎರಡನೇ ಅಬ್ದುಲ್ ರಹಮಾನ್ 9ನೇ ಶತಮಾನದಲ್ಲಿ ದಕ್ಷಿಣಕ್ಕೆ ವಿಸ್ತರಿಸಿದ. ಮೂರನೆಯವನು 929ರಲ್ಲಿ ತಾನೇ ಖಲೀಫ ಅಂತ ಸಾರಿಕೊಂಡು ದೊಡ್ಡ ಮಿನಾರು ಎತ್ತಿಸಿದ. ಅವನ ಮಗ ಎರಡನೇ ಅಲ್ ಹಕಮ್ ಮತ್ತೆ ದಕ್ಷಿಣಕ್ಕೆ ಬೆಳೆಸಿ ಹೊಸ ಮಿಹ್ರಾಬ್ ಕಟ್ಟಿಸಿದ (ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು). ಅದರ ಸುತ್ತ ಇರುವ ಚಿನ್ನದ ಮೊಸಾಯಿಕ್ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಅದಕ್ಕೆ ಗಾಜಿನ ಹರಳುಗಳನ್ನೂ ಅದನ್ನು ಕೂರಿಸುವ ಕುಶಲಕರ್ಮಿಯನ್ನೂ ಕಳಿಸಿಕೊಟ್ಟದ್ದು ಬೈಜಾಂಟಿಯಮ್ಮಿನ ಚಕ್ರವರ್ತಿ, ಅಂದರೆ ಕ್ರೈಸ್ತ ದೊರೆ! ಬಾಗ್ದಾದಿನ ಖಲೀಫರು ಇಬ್ಬರಿಗೂ ವೈರಿಗಳಾಗಿದ್ದರು ಅನ್ನೋದು ಈ ಸ್ನೇಹದ ಒಳಗುಟ್ಟು.

ಇನ್ನೊಂದು ತಮಾಷೆ ಇದೆ. ಈ ಮಿಹ್ರಾಬ್ ಮೆಕ್ಕಾ ಕಡೆಗೆ ಇಲ್ಲ. ಕೊರ್ಡೋಬಾದಿಂದ ಮೆಕ್ಕಾ ಹೆಚ್ಚುಕಡಿಮೆ ಪೂರ್ವಕ್ಕಿದೆ, ಕಟ್ಟಡ ತಿರುಗಿರುವುದು ದಕ್ಷಿಣದ ಕಡೆಗೆ. ಸುಮಾರು 50 ಡಿಗ್ರಿ ವ್ಯತ್ಯಾಸ. ಮೊದಲು ಕಟ್ಟಿದವರು ರೋಮನ್ ಬೀದಿಗಳ ಜಾಡಿಗೆ ಹೊಂದಿಸಿ ಕಟ್ಟಿದರು ಅಂತ ಕೆಲವರು, ಡಮಾಸ್ಕಸ್‌ನ ಮಸೀದಿಯನ್ನು ನೆನೆದು ಅದೇ ದಿಕ್ಕಿಗೆ ಕಟ್ಟಿದರು ಅಂತ ಕೆಲವರು. ಅಲ್ ಹಕಮ್ ಕಾಲಕ್ಕೆ ಖಗೋಳ ತಜ್ಞರಿಗೆ ಲೆಕ್ಕ ಗೊತ್ತಿತ್ತು, ದಿಕ್ಕು ಸರಿ ಮಾಡೋಣ ಅಂತ ಚರ್ಚೆಯೂ ಆಯಿತು. "ನಮ್ಮ ಹಿರಿಯರು ಇಷ್ಟು ವರ್ಷ ಹೀಗೇ ನಮಾಜು ಮಾಡಿದ್ದಾರೆ" ಅನ್ನುವ ವಾದ ಗೆದ್ದಿತು. ಸಾಫ್ಟ್‌ವೇರಿನವರಿಗೆ ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹತ್ತು ವರ್ಷದ ಹಿಂದೆ ಯಾರೋ ಬರೆದ ಕೋಡು, ಮುಟ್ಟೋದಕ್ಕೆ ಎಲ್ಲರಿಗೂ ಭಯ!

ಕೊನೆಯ ವಿಸ್ತರಣೆ 987ರಲ್ಲಿ, ಸೇನಾಧಿಪತಿ ಅಲ್ ಮನ್ಸೂರ್‌ನದು. ದಕ್ಷಿಣಕ್ಕೆ ನದಿ ಅಡ್ಡ ಬಂದದ್ದರಿಂದ ಪೂರ್ವಕ್ಕೆ ಎಂಟು ಸಾಲು ಸೇರಿಸಿದ. ಮಿಹ್ರಾಬ್ ಮಧ್ಯದಿಂದ ಪಕ್ಕಕ್ಕೆ ಸರಿದದ್ದು ಹೀಗೆ. ಈ ಭಾಗದ ಕಮಾನುಗಳನ್ನು ಹತ್ತಿರದಿಂದ ನೋಡಿ. ಹೆಚ್ಚಿನ ಕಡೆ ಕೆಂಪು ಇಟ್ಟಿಗೆಯೇ ಇಲ್ಲ, ಬರೀ ಕಲ್ಲಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಡೆಡ್‌ಲೈನ್ ಅನ್ನೋದು ಆಗಲೂ ಇತ್ತು ಕಾಣುತ್ತೆ.

ಎರಡನೇ ಸಹೋದ್ಯೋಗಿಯ ಚಿನ್ನದ ಕಾಲ ಇದೇ 10ನೇ ಶತಮಾನ. ಸುಳ್ಳಲ್ಲ ಅದು. ಅಲ್ ಹಕಮ್‌ನ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಪುಸ್ತಕಗಳಿದ್ದವು ಅಂತಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಆದರೆ ಪಶ್ಚಿಮ ಯುರೋಪಿನಲ್ಲಿ ಆಗ ಅಂಥದ್ದು ಇನ್ನೊಂದಿರಲಿಲ್ಲ. ಅದೇ ಕಾಲದಲ್ಲಿ ಇಲ್ಲಿ ಮಸ್ಲಮಾ ಅಲ್ ಮಜ್ರೀತಿ ಅನ್ನುವ ಗಣಿತಜ್ಞನಿದ್ದ. ನಮ್ಮ ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಹ್ಮಸ್ಫುಟಸಿದ್ಧಾಂತದ ಲೆಕ್ಕಾಚಾರ 8ನೇ ಶತಮಾನದಲ್ಲಿ ಬಾಗ್ದಾದ್ ತಲುಪಿತ್ತು. ಅದನ್ನು ಆಧರಿಸಿ ಅಲ್ ಖ್ವಾರಿಜ್ಮಿ ಗ್ರಹಗಳ ಕೋಷ್ಟಕ ಮಾಡಿದ. 'ಅಲ್ಗಾರಿದಂ' ಅಂತ ನಾವು ದಿನಾ ಹೇಳೋದು ಇವನ ಹೆಸರನ್ನೇ. ಆ ಕೋಷ್ಟಕವನ್ನು ಮಸ್ಲಮಾ ಕೊರ್ಡೋಬಾದ ರೇಖಾಂಶಕ್ಕೆ ಹೊಂದಿಸಿ ಬರೆದ. ಮೂಲ ಅರಬ್ಬಿ ಪುಸ್ತಕ ಕಳೆದುಹೋಗಿದೆ. ಮಸ್ಲಮಾನ ಆವೃತ್ತಿಯಿಂದ 1126ರಲ್ಲಿ ಆದ ಲ್ಯಾಟಿನ್ ಅನುವಾದ ಮಾತ್ರ ನಮಗೆ ಉಳಿದಿದೆ. ಅರಬ್ಬರ ಲೆಕ್ಕದಲ್ಲಿ ಭೂಮಿಯ ನಡುಗೆರೆ ಹಾದುಹೋಗುತ್ತಿದ್ದ 'ಅರೀನ್' ಅನ್ನುವ ಊರು ಬೇರೆ ಯಾವುದೂ ಅಲ್ಲ, ನಮ್ಮ ಉಜ್ಜಯಿನಿ. ಬರೆಯುವಾಗ ಒಂದು ಚುಕ್ಕೆ ಬಿಟ್ಟುಹೋಗಿ ಹೆಸರು ಹಾಗಾಯಿತು. ಸಾವಿರ ವರ್ಷದ ಹಿಂದೆ ಈ ಊರಿನ ಯಾವುದೋ ಕೋಣೆಯಲ್ಲಿ ಒಬ್ಬ ಉಜ್ಜಯಿನಿಯಿಂದ ಕೊರ್ಡೋಬಾಗೆ ಎಷ್ಟು ಡಿಗ್ರಿ ಅಂತ ಲೆಕ್ಕ ಹಾಕುತ್ತಿದ್ದ ಅನ್ನೋದನ್ನ ನೆನೆದರೆ ಯಾಕೋ ಖುಷಿಯಾಗುತ್ತೆ.

ಆದರೆ ಚಿನ್ನದ ಕಾಲದಲ್ಲಿ ಕಿಲುಬೂ ಇತ್ತು. 850ರ ದಶಕದಲ್ಲಿ ಇಸ್ಲಾಮನ್ನು ಬಹಿರಂಗವಾಗಿ ಹಳಿದದ್ದಕ್ಕೆ, ಧರ್ಮ ಬಿಟ್ಟದ್ದಕ್ಕೆ ಸುಮಾರು 48 ಕ್ರೈಸ್ತರ ತಲೆ ಇಲ್ಲೇ ಉರುಳಿತ್ತು. ಅಲ್ ಹಕಮ್ ಕೂಡಿಟ್ಟ ಪುಸ್ತಕಗಳಲ್ಲಿ ತತ್ವಶಾಸ್ತ್ರ, ಖಗೋಳಕ್ಕೆ ಸೇರಿದವನ್ನು ಆರಿಸಿ ಸುಟ್ಟದ್ದು ಯಾವ ಪರದೇಶಿಯೂ ಅಲ್ಲ, ಅದೇ ಅಲ್ ಮನ್ಸೂರ್. ಧರ್ಮಪಂಡಿತರನ್ನು ತನ್ನ ಕಡೆ ಇಟ್ಟುಕೊಳ್ಳಲು ಹಾಗೆ ಮಾಡಿದ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಅಂತರ್ಯುದ್ಧ ಶುರುವಾಗಿ, 936ರ ಸುಮಾರಿಗೆ ಕಟ್ಟಲು ಆರಂಭಿಸಿದ್ದ ಮದೀನತ್ ಅಲ್ ಜಹ್ರಾ ಎಂಬ ಅರಮನೆ ನಗರ 1010ರಲ್ಲಿ ಲೂಟಿಯಾಗಿ ಹಾಳಾಯಿತು. ಕಟ್ಟಿ ನೂರು ವರ್ಷವೂ ಆಗಿರಲಿಲ್ಲ. 1031ಕ್ಕೆ ಖಿಲಾಫತ್ತೇ ಮುಗಿಯಿತು. ಕ್ರೈಸ್ತ ಸೈನ್ಯ ಈ ಊರು ಗೆಲ್ಲಲು ಇನ್ನೂ ಇನ್ನೂರು ವರ್ಷ ಬಾಕಿ ಇತ್ತು.

ಹಳೆಯ ಯಹೂದಿ ಕೇರಿಯ ಸುಣ್ಣದ ಗೋಡೆಗಳ ಓಣಿಯಲ್ಲಿ ಅಲೆದಾಡುವಾಗ ಮೈಮೊನಿಡಿಸ್ ಪ್ರತಿಮೆ ಸಿಗುತ್ತೆ. ಬುದ್ಧಿ ಬರಲಿ ಅಂತ ಪ್ರವಾಸಿಗರು ಮುಟ್ಟಿ ಮುಟ್ಟಿ ಅವನ ಪಾದ ಹೊಳೆಯುತ್ತೆ. ಯಹೂದಿಗಳ ಈ ಮಹಾ ವಿದ್ವಾಂಸ ಹುಟ್ಟಿದ್ದು ಇಲ್ಲೇ, 1138ರ ಆಸುಪಾಸಿನಲ್ಲಿ. 1148ರಲ್ಲಿ ಆಫ್ರಿಕಾದಿಂದ ಬಂದ ಅಲ್ಮೊಹದ್ದರು ಯಹೂದಿಗಳಿಗೂ ಕ್ರೈಸ್ತರಿಗೂ ಉಳಿಗಾಲವಿಲ್ಲದಂತೆ ಮಾಡಿದಾಗ ಮನೆಮಂದಿಯೆಲ್ಲ ಊರು ಬಿಟ್ಟರು. ಅವನು ಸತ್ತದ್ದು ಈಜಿಪ್ಟಿನಲ್ಲಿ. ಕೋಟೆ ಗೋಡೆಯ ಹೊರಗೆ ಇಬ್ನ್ ರುಶ್ದ್ ಕೂತಿದ್ದಾನೆ. ಅರಿಸ್ಟಾಟಲ್‌ನನ್ನು ಯುರೋಪಿಗೆ ಮತ್ತೆ ಪರಿಚಯ ಮಾಡಿಕೊಟ್ಟವರಲ್ಲಿ ಮುಖ್ಯನಾದ ಇವನು ಮುಸಲ್ಮಾನ, ಊರಿನ ನ್ಯಾಯಾಧೀಶ. ಅವನನ್ನೂ 1195ರಲ್ಲಿ ಗಡೀಪಾರು ಮಾಡಿ ಪುಸ್ತಕ ಸುಟ್ಟರು. ಅಲ್ಲೇ ಹತ್ತಿರದಲ್ಲಿರುವ ಪುಟ್ಟ ಸಿನಗಾಗ್ ಕಟ್ಟಿದ್ದು 1315ರಲ್ಲಿ, ಅಂದರೆ ಕ್ರೈಸ್ತರ ಆಳ್ವಿಕೆಯಲ್ಲಿ! ಗೋಡೆ ತುಂಬ ಮೂರಿಷ್ ಶೈಲಿಯ ಗಾರೆ ಕೆತ್ತನೆ, ಅದರ ನಡುವೆ ಹೀಬ್ರೂ ಅಕ್ಷರ. 1492ರಲ್ಲಿ ಯಹೂದಿಗಳನ್ನೆಲ್ಲ ದೇಶದಿಂದ ಓಡಿಸಿದ ಮೇಲೆ ಅದು ಆಸ್ಪತ್ರೆಯಾಯಿತು, ಚಮ್ಮಾರರ ಸಂಘದ ಪ್ರಾರ್ಥನಾ ಮಂದಿರವಾಯಿತು. 1884ರಲ್ಲಿ ಗೋಡೆಯ ಗಾರೆ ಉದುರಿದಾಗಲೇ ಒಳಗಿನ ಅಕ್ಷರ ಕಂಡದ್ದು.

ಇಬ್ಬರು ಸಹೋದ್ಯೋಗಿಗಳಿಗೂ ನಾನು ವಾಪಸ್ ಹೋಗಿ ಹೇಳಿದ್ದು ಗಂಟೆಗಳ ಕಥೆ. 997ರಲ್ಲಿ ಅಲ್ ಮನ್ಸೂರ್ ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ಕ್ಷೇತ್ರವನ್ನು ಲೂಟಿ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಕೊರ್ಡೋಬಾ ತನಕ ತರಿಸಿದ. ಗಂಟೆಗಳನ್ನು ಬೋರಲು ತೂಗುಹಾಕಿ ಮಸೀದಿಯ ದೀಪ ಮಾಡಿದರು. 1236ರ ಜೂನ್ 29ರಂದು ಕ್ಯಾಸ್ಟೀಲಿನ ಮೂರನೇ ಫರ್ನಾಂಡೋಗೆ ಊರು ಶರಣಾಯಿತು. ಅವನು ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಸಾಂತಿಯಾಗೊಗೆ ವಾಪಸ್ ಕಳಿಸಿದ. ನಡುವೆ 239 ವರ್ಷ. ಗಂಟೆ ಅದೇ, ದಾರಿ ಅದೇ, ಹೆಗಲು ಮಾತ್ರ ಬೇರೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಫರ್ನಾಂಡೋ ಮಸೀದಿಯನ್ನು ಕೆಡವಲಿಲ್ಲ. ಅದನ್ನೇ ಕೆಥೆಡ್ರಲ್ ಅಂತ ಪ್ರತಿಷ್ಠೆ ಮಾಡಿಸಿದ. ಮುಂದೆ ಸುಮಾರು ಮುನ್ನೂರು ವರ್ಷ ಕ್ರೈಸ್ತರು ಅದೇ ಕಂಬಗಳ ನಡುವೆ ಪ್ರಾರ್ಥಿಸಿದರು. 1263ರಲ್ಲಿ ದೊರೆ ಹತ್ತನೇ ಅಲ್ಫೋನ್ಸೋ ಊರಿನ ಮುಸ್ಲಿಂ ಗೌಂಡಿಗಳು, ಬಡಗಿಗಳು ವರ್ಷಕ್ಕೆ ಎರಡು ದಿನ ಈ ಕಟ್ಟಡದ ರಿಪೇರಿಗೆ ಬರಬೇಕು ಅಂತ ಆಜ್ಞೆ ಮಾಡಿದ. 1371ರಲ್ಲಿ ಒಳಗೇ ಒಂದು ರಾಜಸಮಾಧಿಯ ಕೋಣೆ ಸಿದ್ಧವಾಯಿತು. ಜೀವಮಾನವಿಡೀ ಮುಸ್ಲಿಂ ಸೈನ್ಯಗಳ ಜೊತೆ ಹೊಡೆದಾಡಿದ ಹನ್ನೊಂದನೇ ಅಲ್ಫೋನ್ಸೋನನ್ನು ಅಲ್ಲಿ ಮಲಗಿಸಿದರು. ಸುತ್ತಲಿನ ಗೋಡೆಯ ಕೆಲಸ ಗ್ರಾನಡಾದ ಅರಮನೆಯಿಂದ ಎತ್ತಿ ತಂದ ಹಾಗಿದೆ. ಶತ್ರುವಿನ ಜೊತೆ ಯುದ್ಧ, ಆದರೆ ಚೆಂದ ಅಂದರೆ ಏನು ಅನ್ನೋದನ್ನ ಕಲಿತದ್ದು ಶತ್ರುವಿನಿಂದಲೇ.

ದೊಡ್ಡ ಪೆಟ್ಟು ಬಿದ್ದದ್ದು 1523ರಲ್ಲಿ. ಬಿಷಪ್ ಅಲೋನ್ಸೋ ಮನ್ರೀಕೆ ಮಸೀದಿಯ ಹೊಟ್ಟೆಯೊಳಗೇ ಎತ್ತರದ ಹೊಸ ಕೆಥೆಡ್ರಲ್ ಎಬ್ಬಿಸಲು ಹೊರಟ. ಆಗ ತಡೆಯಲು ನಿಂತವರು ಯಾರು ಗೊತ್ತಾ? ಊರಿನ ನಗರಸಭೆ. ಅವರೆಲ್ಲ ಕ್ರೈಸ್ತರೇ. ಇಂಥದ್ದನ್ನು ಒಮ್ಮೆ ಬಿಚ್ಚಿದರೆ ಅಷ್ಟೇ ಚೆನ್ನಾಗಿ ಮತ್ತೆ ಕಟ್ಟಲು ಆಗಲ್ಲ ಅನ್ನೋದು ಅವರ ವಾದ. ಕೆಡವುವ ಕೆಲಸಕ್ಕೆ ಕೈಹಾಕುವ ಗೌಂಡಿಗೆ, ಬಡಗಿಗೆ ಮರಣದಂಡನೆ ಅಂತ ಮೇ ತಿಂಗಳಲ್ಲಿ ಡಂಗುರ ಹೊಡೆಸಿದರು! ವಿವಾದ ಚಕ್ರವರ್ತಿ ಐದನೇ ಚಾರ್ಲ್ಸ್ ಹತ್ತಿರ ಹೋಯಿತು. ಊರನ್ನೇ ನೋಡಿರದ ಅವನು ಬಿಷಪ್ಪರ ಪರ ತೀರ್ಪು ಕೊಟ್ಟ. ಆಮೇಲೆ ಬಂದು ನೋಡಿ, ಎಲ್ಲೂ ಸಿಗದ್ದನ್ನು ಒಡೆದು ಎಲ್ಲೆಲ್ಲೂ ಸಿಗುವಂಥದ್ದನ್ನು ಕಟ್ಟಿದ್ದೀರಿ ಅಂತ ಪೇಚಾಡಿದನಂತೆ. ಇದು ಜನರ ಬಾಯಲ್ಲಿ ಬಂದ ಮಾತು. ಅದೇ ಚಕ್ರವರ್ತಿ ಗ್ರಾನಡಾದ ಅಲ್ಹಂಬ್ರಾದ ಮಧ್ಯೆ ತನಗೊಂದು ಅರಮನೆ ಕಟ್ಟಿಸಿಕೊಳ್ಳಲು ಹೊರಟದ್ದು ಮಾತ್ರ ದಾಖಲೆಯಲ್ಲಿರುವ ಸತ್ಯ.

ಹೊಸ ಕಟ್ಟಡ ಮುಗಿದದ್ದು 1607ರಲ್ಲಿ. ಕತ್ತಲ ಕಂಬಗಳ ನಡುವೆ ನಡೆಯುತ್ತಾ ಇದ್ದಕ್ಕಿದ್ದ ಹಾಗೆ ತಲೆಯೆತ್ತಿದರೆ ಬಿಳೀ ಬೆಳಕು, ಮುಗಿಲು ಮುಟ್ಟುವ ಗುಮ್ಮಟ. ಬೇರೆ ಎಲ್ಲಾದರೂ ಇದ್ದಿದ್ದರೆ ಬಾಯಿ ಬಿಟ್ಟು ನೋಡುತ್ತಿದ್ದೆ. ಅಲ್ಲಿ ಮಾತ್ರ ಒಂಥರಾ ಕಸಿವಿಸಿ. ಆದರೂ ಒಂದು ಮಾತು ಒಪ್ಪಬೇಕು. ಒಳಗೆ ಕೆಥೆಡ್ರಲ್ ಇತ್ತು ಅಂತಲೇ ಶತಮಾನಗಟ್ಟಲೆ ಸೂರು ರಿಪೇರಿಯಾಯಿತು, ಗೋಡೆ ಉಳಿಯಿತು. ಯಾರಿಗೂ ಬೇಡವಾದ ಮದೀನತ್ ಅಲ್ ಜಹ್ರಾದ ಕಲ್ಲುಗಳನ್ನು ಊರಿನವರು ತಮ್ಮ ಕಟ್ಟಡಗಳಿಗೆ ಹೊತ್ತುಕೊಂಡು ಹೋದರು. ಮಿನಾರು ಕೂಡ ಹಾಗೇ. 1593ರಿಂದ ಅದರ ಸುತ್ತ ಗಂಟೆಗೋಪುರ ಕಟ್ಟಿದರು. ಮೂರನೇ ಅಬ್ದುಲ್ ರಹಮಾನ್‌ನ ಮಿನಾರಿನ ಬುಡ ಈಗಲೂ ಆ ಗೋಪುರದ ಒಳಗಿದೆ.

ಈಗ ಮೂವತ್ತು ಯೂರೋ ವಿಷಯಕ್ಕೆ ಬರೋಣ. ಪ್ರಾರ್ಥನಾ ಮಂದಿರಗಳನ್ನು ಚರ್ಚು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಲು 1998ರಲ್ಲಿ ಸ್ಪೇನಿನ ಕಾನೂನು ದಾರಿ ಮಾಡಿಕೊಟ್ಟಿತ್ತು, ಬಿಷಪ್ಪರ ಪ್ರಮಾಣಪತ್ರವೇ ಸಾಕಿತ್ತು. 2015ರಲ್ಲಿ ಆ ಅವಕಾಶವನ್ನು ತೆಗೆದುಹಾಕಿದರು, ಹಳೆಯ ನೋಂದಣಿಗಳು ಹಾಗೇ ಉಳಿದವು. ಅಷ್ಟರಲ್ಲಿ ಪ್ರವಾಸಿಗರಿಗೆ ಕೊಡುವ ಕರಪತ್ರಗಳಿಂದ 'ಮಸೀದಿ' ಅನ್ನುವ ಪದ ಮೆಲ್ಲಗೆ ಜಾರಿಹೋಗಿತ್ತು. 2014ರ ನವೆಂಬರಿನಲ್ಲಿ ಗೂಗಲ್ ಮ್ಯಾಪಿನಲ್ಲೂ ಬರೀ 'ಕೊರ್ಡೋಬಾ ಕೆಥೆಡ್ರಲ್' ಅಂತ ಬಂತು. ಜನ ಸಾವಿರಾರು ಸಂಖ್ಯೆಯಲ್ಲಿ ಸಹಿ ಹಾಕಿ ತಗಾದೆ ತೆಗೆದ ಮೇಲೆ ಹಳೆಯ ಹೆಸರು ವಾಪಸ್ ಬಂತು. ಈಗ ಕೆಥೆಡ್ರಲ್ಲಿನ ಆಡಳಿತದ ಟಿಕೆಟ್ಟಿನಲ್ಲೂ 'ಮಸೀದಿ-ಕೆಥೆಡ್ರಲ್' ಅಂತ ಇದೆ. 2025ರ ಆಗಸ್ಟ್ 8ರ ರಾತ್ರಿ ಅಲ್ ಮನ್ಸೂರ್ ಕಟ್ಟಿಸಿದ ಭಾಗದ ಒಂದು ಪುಟ್ಟ ಚಾಪೆಲ್ಲಿನಲ್ಲಿ ಬೆಂಕಿ ಬಿದ್ದು ಅದರ ಸೂರು ಕುಸಿಯಿತು. ಅಗ್ನಿಶಾಮಕದವರು ಬೇಗನೆ ಹತೋಟಿಗೆ ತಂದರು, ಮಾರನೇ ದಿನವೇ ಬಾಗಿಲು ತೆರೆಯಿತು. ಸುಟ್ಟ ಚಾಪೆಲ್ ಕ್ರೈಸ್ತರದು, ಅದಿದ್ದ ಜಾಗ ಮಸೀದಿಯದು. ಬೆಂಕಿಗೆ ಆ ಭೇದವೆಲ್ಲ ಎಲ್ಲಿ ಗೊತ್ತಾಗುತ್ತೆ?

ಇಷ್ಟೆಲ್ಲ ಓದಿ, ನೋಡಿ, ನನ್ನ ಮನಸ್ಸಿನಲ್ಲಿ ಉಳಿದವರು ಖಲೀಫನೂ ಅಲ್ಲ, ಚಕ್ರವರ್ತಿಯೂ ಅಲ್ಲ. 1523ರ ಆ ನಗರಸಭೆಯವರು. ಗಲ್ಲಿನ ಬೆದರಿಕೆ ಹಾಕಿದ್ದು ಅತಿಯಾಯಿತು ಬಿಡಿ. ಆದರೆ ಸೋತ ಧರ್ಮದವರು ಕಟ್ಟಿದ್ದನ್ನು, ಗೆದ್ದ ಧರ್ಮದವರಾಗಿದ್ದೂ, ಇದು ನಮ್ಮ ಊರಿನದು, ಮುಟ್ಟಬೇಡಿ ಅಂತ ಅಂದಿದ್ದರಲ್ಲ, ಅದು ಸಣ್ಣ ವಿಷಯವಲ್ಲ. ಐನೂರು ವರ್ಷದ ನಂತರ ಹೆಸರಿಗಾಗಿ ಸಹಿ ಹಾಕಿದವರೂ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಇನ್ನು ಮೇಲೆ ಯಾರಾದರೂ ಕೇಳಿದರೆ ನಾನು ಅದನ್ನು ಮಸೀದಿ-ಕೆಥೆಡ್ರಲ್ ಅಂತಲೇ ಹೇಳೋದು. ಹೆಸರು ಸ್ವಲ್ಪ ಉದ್ದ ಆಗುತ್ತೆ, ಆಗಲಿ.